ಬೇಮಳಖೇಡ ಸೀಮೆಯ ದುಡಿಮೆ ಸಂಬಂಧಗಳ ಇತಿಹಾಸ

ಬೀದರ ಜಿಲ್ಲೆಯ ಬೇಮಳಖೇಡ ಈಗ ಚಿಟಗುಪ್ಪ ತಾಲ್ಲೂಕಿನಲ್ಲಿದೆ. ಹೊಸ ತಾಲ್ಲೂಕು ಆಗುವವರೆಗೆ ಹುಮನಾಬಾದಿಗೆ ಸೇರಿತ್ತು. ಹುಮನಾಬಾದ್, ಬಸವಕಲ್ಯಾಣಗಳನ್ನೂ ಒಳಗೊಂಡ ಈ ಸೀಮೆಯಲ್ಲಿ ಜಮೀನಿನ ಒಡೆತನ, ಕೂಲಿಯ ಕರಾರು ಎರಡೂ ನೂರು ವರ್ಷಗಳಲ್ಲಿ ಹಲವು ಸಲ ಬದಲಾಗಿವೆ. ಕೆಲಸಕ್ಕೆ ಮೊದಲೇ ಕೈಗೆ ಬರುವ ಸಾಲ ಮಾತ್ರ ಒಂದಲ್ಲ ಒಂದು ರೂಪದಲ್ಲಿ ಉಳಿದುಕೊಂಡಿದೆ.

ಕಲ್ಯಾಣ, ಅಂದರೆ ಈಗಿನ ಬಸವಕಲ್ಯಾಣ, ಈ ಸೀಮೆಯಲ್ಲೇ ಇರುವುದರಿಂದ ಇಲ್ಲಿನ ದುಡಿಮೆಯ ಚರಿತ್ರೆಯನ್ನು 12ನೇ ಶತಮಾನದ ಶರಣರ ಕಾಯಕದಿಂದ ಆರಂಭಿಸುವ ರೂಢಿಯಿದೆ. ಬೇಕಾದುದಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದ ಗಂಡನನ್ನು ಆಯ್ದಕ್ಕಿ ಲಕ್ಕಮ್ಮ ಹಿಂದಕ್ಕೆ ಕಳಿಸಿದ ಕಥೆ ಎಲ್ಲರಿಗೂ ಗೊತ್ತು. ಆದರೆ ಅಲ್ಲಿಂದ ನಿಜಾಮರ ಕಾಲದ ಹೊಲಗಳಿಗೆ ನೇರ ಗೆರೆ ಎಳೆಯಲಾಗದು.

ಹೈದರಾಬಾದ್ ಸಂಸ್ಥಾನದಲ್ಲಿ ಸರ್ಕಾರಕ್ಕೆ ನೇರವಾಗಿ ಕಂದಾಯ ಸಲ್ಲುತ್ತಿದ್ದ ದಿವಾನಿ ನೆಲ ಸುಮಾರು ಶೇ 60. ಶೇ 10ರಷ್ಟು ನಿಜಾಮರ ಸ್ವಂತದ ಸರ್ಫೆಖಾಸ್, ಉಳಿದದ್ದು ಶ್ರೀಮಂತ ಮನೆತನಗಳಿಗೆ ಬಿಟ್ಟುಕೊಟ್ಟ ಜಾಗೀರು. ಚಿಟಗುಪ್ಪ ಪೈಗಾ ಮನೆತನದ ಕೈಯಲ್ಲಿತ್ತು; ಕಲ್ಯಾಣದಲ್ಲಿ ನವಾಬರಿದ್ದರು. ಊರಿನ ಮಟ್ಟದಲ್ಲಿ ಮಾತು ನಡೆಯುತ್ತಿದ್ದುದು ಪಾಟೀಲರದು, ಪಟವಾರಿಗಳದು. ಒಕ್ಕಲಿಗೆ ಹೊಲ ಸಿಗುತ್ತಿದ್ದುದು ಪಾಲಿಗೆ ಇಲ್ಲವೇ ಕೌಲಿಗೆ, ಅಂದರೆ ಗುತ್ತಿಗೆಗೆ. ಬಡಿಗ, ಕಮ್ಮಾರ, ಕುಂಬಾರರಿಗೆ ರಾಶಿಯ ಹೊತ್ತಿಗೆ ಕಾಳಿನ ಆಯ. ದಲಿತರ ಪಾಲಿಗೆ ಬಂದದ್ದು ಹೆಚ್ಚಾಗಿ ಬೇಗಾರಿ: ಅಧಿಕಾರಿ ಬಂದರೆ ಸಾಮಾನು ಹೊರಬೇಕು, ದಂಡಿನ ಕುದುರೆಗೆ ಹುಲ್ಲು ತರಬೇಕು, ಕೂಲಿ ಕೇಳುವಂತಿಲ್ಲ. ಮದುವೆಗೋ ಬರಕ್ಕೋ ಸಾಲ ಪಡೆದವನು ಜೀತಕ್ಕೆ ನಿಂತರೆ, ಬಡ್ಡಿ ತೀರದೆ ಸಾಲ ಮಗನ ತಲೆಗೂ ಬರುತ್ತಿತ್ತು. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಬಲವಂತದ ದುಡಿಮೆಯ ವಿರುದ್ಧ ಒಡಂಬಡಿಕೆ ಮಾಡಿದ್ದು 1930ರಲ್ಲಿ. ನಿಜಾಮ ಸರ್ಕಾರವೂ 1936ರಲ್ಲಿ ಭಗೇಲಾ ಕರಾರುಗಳಿಗೆ, ಅಂದರೆ ಸಾಲಕ್ಕೆ ದುಡಿಸಿಕೊಳ್ಳುವ ಒಪ್ಪಂದಗಳಿಗೆ, ಮಿತಿ ಹಾಕಿತು. ಅದನ್ನು ಜಾರಿ ಮಾಡಬೇಕಾದವರು ಬೇಗಾರಿ ತೆಗೆದುಕೊಳ್ಳುತ್ತಿದ್ದ ಅಧಿಕಾರಿಗಳೇ ಆಗಿದ್ದರಿಂದ ಅದರ ಫಲ ಊಹಿಸುವುದು ಕಷ್ಟವಲ್ಲ.

ಹೈದರಾಬಾದನ್ನು ಭಾರತಕ್ಕೆ ಸೇರಿಸಿದ 1948ರ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯ ಬೆನ್ನಿಗೆ ನಡೆದ ಹಿಂಸೆಯಲ್ಲಿ ಹೆಚ್ಚು ನೊಂದವೆಂದು ಕೇಂದ್ರ ಸರ್ಕಾರ ಕಳಿಸಿದ ಸುಂದರಲಾಲ್ ಸಮಿತಿ ಹೆಸರಿಸಿದ ನಾಲ್ಕು ಜಿಲ್ಲೆಗಳಲ್ಲಿ ಬೀದರವೂ ಒಂದು. ಮುಸ್ಲಿಮರ ಮನೆ, ಜಮೀನುಗಳನ್ನು ಕಸಿದುಕೊಂಡ ಪ್ರಕರಣಗಳನ್ನೂ ಸಮಿತಿ ದಾಖಲಿಸಿತು. ಭೂಸುಧಾರಣೆಯ ಬರಹಗಳು ಈ ಅಧ್ಯಾಯವನ್ನು ಸಾಮಾನ್ಯವಾಗಿ ದಾಟಿಕೊಂಡು ಹೋಗುತ್ತವೆ. 1949ರ ಆಗಸ್ಟಿನಲ್ಲಿ ಜಾಗೀರು ರದ್ದಾಯಿತು; 1950ರ ಗೇಣಿ ಕಾಯ್ದೆ ರಕ್ಷಿತ ಗೇಣಿದಾರರನ್ನು ಗುರುತಿಸಿತು. 1956ರಲ್ಲಿ ಬೀದರ ಜಿಲ್ಲೆ ಮೂರು ಹೋಳಾಯಿತು. ಉದಗೀರ, ನಿಲಂಗಾ ಮುಂಬಯಿಗೆ, ಜಹೀರಾಬಾದ್ ಆಂಧ್ರಕ್ಕೆ, ಹುಮನಾಬಾದ್ ಮೈಸೂರಿಗೆ.

ಮುಖ್ಯಮಂತ್ರಿ ದೇವರಾಜ ಅರಸರ ಕಾಲದ ಕಾನೂನುಗಳ ಪೆಟ್ಟು ಇನ್ನೂ ಗಟ್ಟಿ. 1974ರ ತಿದ್ದುಪಡಿ ಗೇಣಿ ಪದ್ಧತಿಯನ್ನೇ ತೆಗೆದುಹಾಕಿತು. ಗೇಣಿದಾರರು 7ನೇ ನಮೂನೆಯ ಅರ್ಜಿ ಹಿಡಿದು ಭೂ ನ್ಯಾಯಮಂಡಳಿಯ ಮುಂದೆ ನಿಂತರು. ಆದರೆ ಹೊಲವನ್ನು ಗೇಣಿಗೂ ಹಿಡಿಯದ ಕೂಲಿಯಾಳಿಗೆ ಆ ಅರ್ಜಿ ತುಂಬುವ ಹಕ್ಕಿರಲಿಲ್ಲ. ಅವನಿಗೆ ಸಿಕ್ಕಿದ್ದು 1976ರ ಋಣ ಪರಿಹಾರ ಮತ್ತು ಜೀತಪದ್ಧತಿ ರದ್ದತಿ ಕಾಯ್ದೆಗಳು: ಸಾಲ ಹರಿಯಿತು, ನೆಲ ಬರಲಿಲ್ಲ.

ಹಳ್ಳಿಖೇಡ (ಬಿ) ಬಳಿಯ ಬೀದರ ಸಹಕಾರಿ ಸಕ್ಕರೆ ಕಾರ್ಖಾನೆ ಕಬ್ಬು ಬೆಳೆಯುವವನನ್ನು ಷೇರುದಾರನನ್ನಾಗಿ ಮಾಡಿತು. ಕಡಿಯುವವನು ಷೇರಿನ ಪಟ್ಟಿಯ ಹೊರಗೇ ಉಳಿದ. 2006ರ ಫೆಬ್ರವರಿಯಲ್ಲಿ ಉದ್ಯೋಗ ಖಾತ್ರಿ ಯೋಜನೆ ಮೊದಲ ಹಂತದಲ್ಲಿ ಬಂದ ರಾಜ್ಯದ ಐದು ಜಿಲ್ಲೆಗಳಲ್ಲಿ ಬೀದರವಿತ್ತು. ಆಗಿನ ನಿಯಮದಂತೆ ಮನೆಯೊಂದಕ್ಕೆ ವರ್ಷಕ್ಕೆ 100 ದಿನದ ಕೆಲಸ, ಗಂಡಿಗೂ ಹೆಣ್ಣಿಗೂ ಒಂದೇ ಕೂಲಿ. ಧಣಿಯ ಮರ್ಜಿಯ ಆಚೆಗೆ ಸರ್ಕಾರವೇ ಕೂಲಿಯ ದರ ಬರೆದು ತೋರಿಸಿದ್ದು ಹೊಲದ ಕೂಲಿಯ ಚೌಕಾಶಿಗೂ ಒಂದು ಅಳತೆ ಕೊಟ್ಟಿತು. ಸಂವಿಧಾನದ 371-ಜೆ ವಿಧಿಯಿಂದ ಈ ಭಾಗಕ್ಕೆ ದೊರೆತ ಶಿಕ್ಷಣ, ಉದ್ಯೋಗ ಮೀಸಲಾತಿ ಓದಿದವರಿಗೆ ನೆರವಾಯಿತು. ಕೂಲಿಕಾರರ ಬದುಕನ್ನು ಅದು ನೇರವಾಗಿ ಮುಟ್ಟಲಿಲ್ಲ.

ಯುರೋಪಿನ ಹಲವು ಪ್ರಜಾಪ್ರಭುತ್ವಗಳಲ್ಲಿ ಕಾರ್ಮಿಕ ಸಂಘ ಮತ್ತು ಮಾಲೀಕರ ಒಕ್ಕೂಟ ಎದುರುಬದುರು ಕೂತು ಕೂಲಿ ನಿಗದಿ ಮಾಡುತ್ತವೆ. ಕಬ್ಬಿನ ಕಟಾವಿನಲ್ಲಿ ಆ ಜಾಗದಲ್ಲಿ ಕೂರುವವನು ಮುಕಾದಮ. ಹಂಗಾಮಿಗೆ ಮೊದಲು ಮುಂಗಡ ಕೊಟ್ಟು ಗಂಡ-ಹೆಂಡತಿಯರ ಟೋಳಿ (ತಂಡ) ಕಟ್ಟುತ್ತಾನೆ. ಕಡಿದ ಟನ್ನಿನ ಲೆಕ್ಕದಲ್ಲಿ ಆ ಮುಂಗಡವನ್ನು ಮುರಿದುಕೊಳ್ಳುತ್ತಾನೆ. 1976ರ ಜೀತಪದ್ಧತಿ ರದ್ದತಿ ಕಾಯ್ದೆ ಮುಂಗಡವನ್ನೂ ತನ್ನ ವ್ಯಾಖ್ಯೆಯೊಳಗೆ ತಂದಿದೆ. ಕೂಲಿಕಾರರನ್ನು ರಾಜ್ಯದ ಗಡಿ ದಾಟಿಸುವ ಗುತ್ತಿಗೆದಾರ ಲೈಸೆನ್ಸ್ ಪಡೆಯಬೇಕೆಂದು 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆ ಹೇಳಿತು. ಆದರೆ ಮುಕಾದಮ ಬಹುಪಾಲು ಅದೇ ಊರಿನವನು, ಎಷ್ಟೋ ಸಲ ನೆಂಟ. ಅವನ ಮೇಲೆ ದೂರು ಕೊಡುವವರು ವಿರಳ.