ಮೂವರ ಸೈಕಲ್ಲು, ಅಳಿಸಿಹೋದ ಟೇಪು

ನಕ್ಕು ನಕ್ಕು ಹೊಟ್ಟೆ ಹುಣ್ಣಾಯಿತು ಎನ್ನುವುದು ಮಾತಿನ ರೂಢಿ. ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ನಕ್ಕು ಸತ್ತೇಹೋದೆ ಎನ್ನುವವರೂ ಉಂಟು. 1975ರ ಮಾರ್ಚ್ 24ರಂದು ಇಂಗ್ಲೆಂಡಿನ ಒಂದು ಮನೆಯಲ್ಲಿ ಈ ಮಾತು ಅಕ್ಷರಶಃ ನಿಜವಾಯಿತು. ಟೆಲಿವಿಷನ್ ಮುಂದೆ ಕುಳಿತಿದ್ದ ಮಧ್ಯವಯಸ್ಸಿನ ಒಬ್ಬ ವ್ಯಕ್ತಿ ಸುಮಾರು 25 ನಿಮಿಷ ಒಂದೇ ಸಮನೆ ನಕ್ಕು, ಸೋಫಾದ ಮೇಲೆ ಕುಸಿದು, ಹೃದಯ ನಿಂತು ತೀರಿಕೊಂಡ.

ಆತ ನೋಡುತ್ತಿದ್ದುದು ಬಿಬಿಸಿಯ ‘ದಿ ಗೂಡೀಸ್’ ಎಂಬ ಹಾಸ್ಯ ಸರಣಿ. ಕುಂಗ್ ಫೂ ಸಿನಿಮಾಗಳ ಹುಚ್ಚು ಜಗತ್ತನ್ನೆಲ್ಲ ಹಿಡಿದಿದ್ದ ಕಾಲ ಅದು. ಅಂದಿನ ಕಂತಿನ ಪ್ರಕಾರ ಇಂಗ್ಲೆಂಡಿನ ಲ್ಯಾಂಕಾಷೈರ್ ಜಿಲ್ಲೆಗೂ ತನ್ನದೇ ಆದ ಪುರಾತನ ಯುದ್ಧಕಲೆಯೊಂದು ಇತ್ತು. ಅದರ ಆಯುಧ ಬ್ಲ್ಯಾಕ್ ಪುಡ್ಡಿಂಗ್, ಅಂದರೆ ಹಂದಿಯ ರಕ್ತ ಹಾಕಿ ಮಾಡುವ ಕಪ್ಪು ಸಾಸೇಜು! ಅದನ್ನು ಬೀಸಿಕೊಂಡು ಬರುವ ಗಡ್ಡದ ಕುಳ್ಳನನ್ನು ಸ್ಕಾಟ್‌ಲೆಂಡಿನ ಲಂಗ ತೊಟ್ಟ ಇನ್ನೊಬ್ಬ ತನ್ನ ಬ್ಯಾಗ್‌ಪೈಪ್ ವಾದ್ಯದಿಂದಲೇ ಎದುರಿಸುತ್ತಾನೆ. ಹೀಗೆ ಲಂಗ ತೊಟ್ಟು ಕಾದಾಡಿದವನು ಟಿಮ್ ಬ್ರೂಕ್-ಟೇಲರ್.

ತೀರಿಕೊಂಡವನ ಹೆಂಡತಿ ನಂತರ ಗೂಡೀಸ್ ತಂಡಕ್ಕೆ ಪತ್ರ ಬರೆದಳು. ಅದು ದೂರಿನ ಪತ್ರವಲ್ಲ. ಗಂಡನ ಕೊನೆಯ ಗಳಿಗೆಗಳನ್ನು ಅಷ್ಟು ಸಂತೋಷದಿಂದ ತುಂಬಿದ್ದಕ್ಕೆ ಆಕೆ ಧನ್ಯವಾದ ಹೇಳಿದ್ದಳು. ಹಾಸ್ಯನಟನೊಬ್ಬನಿಗೆ ಇದಕ್ಕಿಂತ ವಿಚಿತ್ರವಾದ ಪ್ರಶಸ್ತಿಪತ್ರ ಬಂದಿರಲಾರದು. ಆದರೆ ಇಂಥ ನಗೆ ಉಕ್ಕಿಸಿದ ಸರಣಿಯನ್ನು ಅದನ್ನು ತಯಾರಿಸಿದ ಸಂಸ್ಥೆಯೇ ಮುಂದೆ ಬಹುಮಟ್ಟಿಗೆ ಕಪಾಟಿನಲ್ಲಿಟ್ಟು ಬೀಗ ಹಾಕಿತು. ಬ್ರೂಕ್-ಟೇಲರ್‌ನ ವೃತ್ತಿಜೀವನದ ಸ್ವಾರಸ್ಯವೂ ವಿಷಾದವೂ ಇರುವುದು ಇಲ್ಲಿಯೇ.

ಟಿಮ್ ಬ್ರೂಕ್-ಟೇಲರ್ ಹುಟ್ಟಿದ್ದು 1940ರ ಜುಲೈ 17ರಂದು, ಡರ್ಬಿಷೈರ್‌ನ ಬಕ್ಸ್‌ಟನ್ ಎಂಬ ಊರಿನಲ್ಲಿ. ವಕೀಲರ ಮನೆತನ. ಕೇಂಬ್ರಿಜ್‌ನ ಪೆಂಬ್ರೋಕ್ ಕಾಲೇಜಿನಲ್ಲಿ ಕಾನೂನು ಓದಿದ ಹುಡುಗ ಅಲ್ಲಿನ ‘ಫುಟ್‌ಲೈಟ್ಸ್’ ಸಂಘದ ಬಲೆಗೆ ಬಿದ್ದ. 1883ರಿಂದ ನಡೆದುಬಂದ ಈ ವಿದ್ಯಾರ್ಥಿ ನಗೆನಾಟಕ ಸಂಘ ಬ್ರಿಟನ್ನಿನ ಹಾಸ್ಯಲೋಕಕ್ಕೆ ಒಂದು ಗುರುಕುಲವೇ ಆಗಿತ್ತೆನ್ನಬಹುದು. 1963ರಲ್ಲಿ ಬ್ರೂಕ್-ಟೇಲರ್ ಅದರ ಅಧ್ಯಕ್ಷ. ಜಾನ್ ಕ್ಲೀಸ್, ಗ್ರಹಾಂ ಚಾಪ್‌ಮನ್, ಬಿಲ್ ಆಡಿ ಅವನ ಜೊತೆಗಾರರು. ಆ ವರ್ಷ ಅವರು ಆಡಿದ ಪ್ರಹಸನಗಳ ಕಂತೆ ‘ಕೇಂಬ್ರಿಜ್ ಸರ್ಕಸ್’ ಎಂಬ ಹೆಸರಿನಲ್ಲಿ ಲಂಡನ್ನಿನ ವೃತ್ತಿ ರಂಗಭೂಮಿಗೆ ಏರಿತು. ಮರುವರ್ಷ ನ್ಯೂಜಿಲೆಂಡಿಗೂ ನ್ಯೂಯಾರ್ಕಿನ ಬ್ರಾಡ್‌ವೇಗೂ ಹೋಗಿಬಂದಿತು. ಕಾನೂನು ಅಲ್ಲಿಗೇ ನಿಂತಿತು.

1967ರಲ್ಲಿ ಡೇವಿಡ್ ಫ್ರಾಸ್ಟ್ ಬೆಂಬಲದಿಂದ ‘ಅಟ್ ಲಾಸ್ಟ್ ದಿ 1948 ಷೋ’ ಎಂಬ ಕಾರ್ಯಕ್ರಮ ಖಾಸಗಿ ಟೆಲಿವಿಷನ್ನಿನಲ್ಲಿ ಆರಂಭವಾಯಿತು. ಇದನ್ನು ಬರೆದು ನಟಿಸಿದವರು ನಾಲ್ವರು: ಕ್ಲೀಸ್, ಚಾಪ್‌ಮನ್, ಮಾರ್ಟಿ ಫೆಲ್ಡ್‌ಮನ್ ಮತ್ತು ಬ್ರೂಕ್-ಟೇಲರ್. ಇದರಲ್ಲೊಂದು ಪುಟ್ಟ ಪ್ರಹಸನ ಬರುತ್ತದೆ. ಸೂಟು ಬೂಟು ತೊಟ್ಟ ನಾಲ್ವರು ಯಾರ್ಕ್‌ಷೈರಿನ ಸಿರಿವಂತರು ಒಳ್ಳೆಯ ವೈನ್ ಹೀರುತ್ತಾ ಬಾಲ್ಯದ ಬಡತನವನ್ನು ನೆನೆಯುತ್ತಾರೆ. ಒಬ್ಬ ತನ್ನ ಮನೆ ಚಿಕ್ಕದಿತ್ತು ಎಂದರೆ, ಇನ್ನೊಬ್ಬ ತನಗೆ ಮನೆಯೇ ಇರಲಿಲ್ಲವೆನ್ನುತ್ತಾನೆ. ಯಾರ ಬಡತನ ದೊಡ್ಡದು ಎಂಬ ಪೈಪೋಟಿ ಬೆಳೆಯುತ್ತಾ ಹೋಗಿ, ಕೊನೆಗೆ ಅಸಂಭವದ ಶಿಖರ ಮುಟ್ಟುತ್ತದೆ. ‘ನಮ್ಮ ಕಾಲದಲ್ಲಿ’ ಎಂದು ಮಾತು ತೆಗೆಯುವ ಹಿರಿಯರು ಇರುವ ಎಲ್ಲ ಊರುಗಳಿಗೂ ಹೊಂದುವ ಹಾಸ್ಯ ಇದು.

ಇಂದು ಈ ಪ್ರಹಸನವನ್ನು ಬಲ್ಲ ಲಕ್ಷಾಂತರ ಜನ ಅದು ‘ಮಾಂಟಿ ಪೈಥಾನ್’ ತಂಡದ್ದೆಂದೇ ತಿಳಿದಿದ್ದಾರೆ. ಹಾಗೆ ತಿಳಿದದ್ದು ಅವರ ತಪ್ಪಲ್ಲ. ಕ್ಲೀಸ್ ಮತ್ತು ಚಾಪ್‌ಮನ್ 1969ರಲ್ಲಿ ಆರಂಭವಾದ ಪೈಥಾನ್ ತಂಡಕ್ಕೆ ಸೇರಿದರು. ಆ ತಂಡ ಮುಂದೆ ತನ್ನ ರಂಗಪ್ರದರ್ಶನಗಳಲ್ಲಿ ಇದನ್ನು ಮತ್ತೆ ಮತ್ತೆ ಆಡಿತು. ಅದರ ಧ್ವನಿಮುದ್ರಿಕೆಗಳು ಜಗತ್ತೆಲ್ಲ ಹರಡಿದವು. ಇತ್ತ 1967ರ ಮೂಲ ಕಾರ್ಯಕ್ರಮದ ಟೇಪುಗಳಲ್ಲಿ ಬಹುಪಾಲು ಅಳಿಸಿಹೋಗಿದ್ದವು.

ಅಳಿಸುವುದು ಎಂದರೇನೆಂದು ಸ್ವಲ್ಪ ವಿವರಿಸಬೇಕು. ಆ ಕಾಲದ ವಿಡಿಯೊ ಟೇಪು ಎರಡು ಅಂಗುಲ ಅಗಲದ್ದು, ಭಾರೀ ಬೆಲೆಯದು, ಇಡಲು ತುಂಬ ಜಾಗ ಬೇಡುವಂಥದು. ಒಂದು ಕಾರ್ಯಕ್ರಮ ಅಳಿಸಿ ಅದೇ ಟೇಪಿನಲ್ಲಿ ಇನ್ನೊಂದನ್ನು ಮುದ್ರಿಸಬಹುದಿತ್ತು. ಕಲಾವಿದರ ಸಂಘಗಳೊಡನೆ ಮಾಡಿಕೊಂಡ ಒಪ್ಪಂದದಿಂದಾಗಿ ಮರುಪ್ರಸಾರಕ್ಕೂ ಮಿತಿಯಿತ್ತು. ಮನೆಯಲ್ಲಿ ಕ್ಯಾಸೆಟ್ ಹಾಕಿ ನೋಡುವ ಕಾಲ ಬರುತ್ತದೆಂದು ಯಾರೂ ಎಣಿಸಿರಲಿಲ್ಲ. ಬಣ್ಣದ ಟೆಲಿವಿಷನ್ ಬಂದ ಮೇಲಂತೂ ಕಪ್ಪು ಬಿಳುಪಿನ ಟೇಪು ಲೆಕ್ಕದ ಗುಮಾಸ್ತನ ಕಣ್ಣಿಗೆ ಬರೀ ಹಳೆಯ ಸಾಮಾನು. ಹೀಗೆ ಬ್ರಿಟನ್ನಿನ ಟೆಲಿವಿಷನ್ ಸಂಸ್ಥೆಗಳು ತಮ್ಮದೇ ಚರಿತ್ರೆಯನ್ನು ಸ್ಲೇಟು ಒರೆಸಿದಂತೆ ಒರೆಸಿದವು. ‘1948 ಷೋ’ದ ಕೆಲವು ಭಾಗ ಉಳಿದದ್ದು ಸ್ವೀಡನ್ನಿನ ಟೆಲಿವಿಷನ್ನಿಗೆಂದು ಆಯ್ದು ಜೋಡಿಸಿದ್ದ ಕಂತುಗಳಿಂದ. ಇನ್ನೆರಡು ಕಂತುಗಳು ಪತ್ತೆಯಾದದ್ದು 2014ರಲ್ಲಿ, ಅದೂ ಫ್ರಾಸ್ಟ್ ತೀರಿಕೊಂಡ ಮೇಲೆ, ಆತನ ಸ್ವಂತ ಸಂಗ್ರಹದಲ್ಲಿ.

ಬ್ರೂಕ್-ಟೇಲರ್ ಹಿಡಿದ ದಾರಿ ಬೇರೆ. 1970ರ ನವೆಂಬರ್ 8ರಂದು ಬಿಬಿಸಿಯ ಎರಡನೆಯ ವಾಹಿನಿಯಲ್ಲಿ ‘ದಿ ಗೂಡೀಸ್’ ಆರಂಭವಾಯಿತು. ಬಿಲ್ ಆಡಿ ಮತ್ತು ಗ್ರೇಮ್ ಗಾರ್ಡನ್ ಜೊತೆಗಿದ್ದರು. ಮೂವರೂ ಕೇಂಬ್ರಿಜ್‌ನವರು, ಗಾರ್ಡನ್ ಅಂತೂ ವೈದ್ಯಕೀಯ ಓದಿ ಮುಗಿಸಿದವನು. ಯಾರು ಯಾವ ಕೆಲಸ ಹೇಳಿದರೂ ಮಾಡಿಕೊಡುವ ಮೂವರು ಗೆಳೆಯರು, ಅವರು ಓಡಾಡಲು ಮೂರು ಸೀಟಿನ ಒಂದು ಸೈಕಲ್ಲು: ಇಷ್ಟೇ ಬಂಡವಾಳ. ಆ ಸೈಕಲ್ಲು ಬೀಳದೆ ಒಂದು ಫರ್ಲಾಂಗು ಹೋದರೆ ಅದೇ ಆಶ್ಚರ್ಯ.

ಮೂವರ ಪಾತ್ರಗಳಲ್ಲಿ ಬ್ರಿಟನ್ನಿನ ಮೂರು ವರ್ಗಗಳೇ ಅಡಗಿದ್ದವು. ಆಡಿ ಗಡ್ಡ ಕೆದರಿದ, ಸಿಡುಕಿನ ಬಂಡಾಯಗಾರ. ಗಾರ್ಡನ್ ಕಂಪ್ಯೂಟರ್ ಇಟ್ಟುಕೊಂಡ ತಿಕ್ಕಲು ವಿಜ್ಞಾನಿ. ಬ್ರೂಕ್-ಟೇಲರ್ ಬ್ರಿಟಿಷ್ ಬಾವುಟವನ್ನೇ ವೇಸ್ಟ್‌ಕೋಟಾಗಿ ತೊಟ್ಟ ರಾಜಭಕ್ತ. ದೇಶದ ಹೆಸರೆತ್ತಿದರೆ ಕಣ್ಣೀರು, ಕಷ್ಟ ಬಂದರೆ ಮೊದಲು ಓಟ. ಸಾಮ್ರಾಜ್ಯ ಕರಗಿಹೋದ ಮೇಲೂ ಅದರ ಗತ್ತು ಬಿಡದ ಮಧ್ಯಮವರ್ಗದ ಮೇಲಿನ ವ್ಯಂಗ್ಯವಿದು. ಅದೇ ವರ್ಗದಿಂದ ಬಂದವನಾದ್ದರಿಂದ ಅವನಿಗೆ ಆ ವೇಷ ಅಷ್ಟು ಚೆನ್ನಾಗಿ ಒಪ್ಪಿತೆಂದು ತೋರುತ್ತದೆ.

ಮಾತಿನ ಹಾಸ್ಯಕ್ಕಿಂತ ಕಣ್ಣಿನ ಹಾಸ್ಯವೇ ಅವರ ಬಲ. ಮೂಕಿ ಸಿನಿಮಾಗಳ ಬೀಳು-ಏಳು ಹೊಡೆದಾಟವನ್ನು ಕ್ಯಾಮರಾ ಚಮತ್ಕಾರಗಳೊಡನೆ ಬೆರೆಸಿದರು. 1971ರ ‘ಕಿಟನ್ ಕಾಂಗ್’ ಕಂತಿನಲ್ಲಿ ಟ್ವಿಂಕಲ್ ಎಂಬ ಬೆಕ್ಕಿನ ಮರಿ ವಿಜ್ಞಾನಿಯ ಔಷಧಿಯಿಂದ ಬೆಟ್ಟದಷ್ಟು ಬೆಳೆದು ಲಂಡನ್ನಿನ ಪೋಸ್ಟ್ ಆಫೀಸ್ ಟವರನ್ನೇ ಕೆಡವುತ್ತದೆ. ಅದನ್ನು ಹಿಡಿಯಲು ಮೂವರೂ ಇಲಿಯ ವೇಷ ತೊಡುತ್ತಾರೆ! ಈ ಕಂತನ್ನು ತಿದ್ದಿ ಮತ್ತೆ ತಯಾರಿಸಿ ಸ್ವಿಟ್ಜರ್‌ಲೆಂಡಿನ ಮಾಂಟ್ರೋ ಉತ್ಸವಕ್ಕೆ ಕಳಿಸಿದಾಗ 1972ರಲ್ಲಿ ‘ಬೆಳ್ಳಿ ಗುಲಾಬಿ’ ಪ್ರಶಸ್ತಿ ಬಂದಿತು. ಇಂದು ನೋಡಲು ಸಿಗುವುದು ಆ ಎರಡನೆಯ ಆವೃತ್ತಿ ಮಾತ್ರ.

ಮಕ್ಕಳ ಆಟದಂತೆ ಕಾಣುವ ಈ ಸರಣಿಯೊಳಗೆ ಮುಳ್ಳೂ ಇತ್ತು. 1975ರಲ್ಲಿ ದಕ್ಷಿಣ ಆಫ್ರಿಕದ ವರ್ಣಭೇದ ನೀತಿಯನ್ನು ಗೇಲಿ ಮಾಡಿದ ಕಂತೊಂದು ಬಂತು. ಅದರಲ್ಲಿ ಕರಿಯರೆಲ್ಲ ಆ ದೇಶ ಬಿಟ್ಟು ಹೋಗುತ್ತಾರೆ. ತುಳಿಯಲು ಯಾರೂ ಉಳಿಯದಾಗ ಬಿಳಿಯ ಸರ್ಕಾರ ಹೊಸ ಕಾನೂನು ತರುತ್ತದೆ: ಇನ್ನು ಮೇಲೆ ಭೇದ ಬಣ್ಣದಿಂದಲ್ಲ, ಎತ್ತರದಿಂದ. ‘ಅಪಾರ್ಥೈಡ್’ ಎಂಬ ಪದವನ್ನು ಸ್ವಲ್ಪ ತಿರುಚಿದರೆ ಇಂಗ್ಲಿಷಿನಲ್ಲಿ ‘ಎತ್ತರದ ಭೇದ’ ಎಂಬರ್ಥ ಬರುತ್ತದೆ. ಕುಳ್ಳ ಆಡಿ ಒಡನೆಯೇ ಅಸ್ಪೃಶ್ಯನಾಗುತ್ತಾನೆ. ದಬ್ಬಾಳಿಕೆಗೆ ಬೇಕಾದುದು ಕಾರಣವಲ್ಲ, ನೆಪ ಎಂಬುದನ್ನು ಅರ್ಧ ಗಂಟೆಯ ನಗೆಯಲ್ಲಿ ತೋರಿಸಿದ್ದು ಸಣ್ಣ ಸಾಧನೆಯಲ್ಲ. ಹೀಗಿದ್ದೂ ಮುಖಕ್ಕೆ ಕಪ್ಪು ಬಳಿದುಕೊಂಡು ನಗಿಸುವ ಆ ಕಾಲದ ಕೆಟ್ಟ ರೂಢಿಯಿಂದ ಈ ಸರಣಿಯೂ ಹೊರತಲ್ಲ. ಅಂಥ ದೃಶ್ಯಗಳು ಇಂದು ಮುಜುಗರ ತರುತ್ತವೆ.

ಟೆಲಿವಿಷನ್ನಿನ ನೈತಿಕ ಕಾವಲುಗಾರ್ತಿಯೆಂದೇ ಹೆಸರಾಗಿದ್ದ ಮೇರಿ ವೈಟ್‌ಹೌಸ್ ಮೊದಮೊದಲು ಈ ಕಾರ್ಯಕ್ರಮವನ್ನು ಮೆಚ್ಚಿಕೊಂಡಿದ್ದರು. ಆ ಮೆಚ್ಚುಗೆ ಮೂವರಿಗೂ ಅವಮಾನವೆನಿಸಿತು! ಕೊನೆಗೆ 1980ರಲ್ಲಿ ಬ್ರೂಕ್-ಟೇಲರ್ ತೊಟ್ಟಿದ್ದ, ಕ್ಯಾರೆಟ್ ಚಿತ್ರವಿದ್ದ ಒಳಚಡ್ಡಿಯ ಬಗ್ಗೆ ಆಕೆ ದೂರು ಕೊಟ್ಟಾಗ ಆ ಬಾಕಿ ತೀರಿತು.

ಅದೇ 1980ರಲ್ಲಿ ಬಿಬಿಸಿಯೊಡನೆ ಸಂಬಂಧವೂ ಮುಗಿಯಿತು. ತಂಡ ಲಂಡನ್ ವೀಕೆಂಡ್ ಟೆಲಿವಿಷನ್ನಿಗೆ ಹೋಗಿ, ಅಲ್ಲಿ ಒಂದೇ ಸರಣಿ ಮಾಡಿ, 1982ರಲ್ಲಿ ನಿಂತಿತು. ಎಪ್ಪತ್ತಕ್ಕೂ ಹೆಚ್ಚು ಕಂತುಗಳು ಕಪಾಟು ಸೇರಿದವು. ಪೈಥಾನ್ ತಂಡಕ್ಕೆ ಸಿನಿಮಾಗಳಿದ್ದವು, ಅಮೆರಿಕದ ಪ್ರೇಕ್ಷಕರಿದ್ದರು, ಮರುಪ್ರಸಾರವಿತ್ತು. ಗೂಡೀಸ್ ಅನ್ನು ಬಿಬಿಸಿ ದಶಕಗಳ ಕಾಲ ಬಹುತೇಕ ಮರುಪ್ರಸಾರ ಮಾಡಲೇ ಇಲ್ಲ. ಮೂವರೂ ಈ ಬಗ್ಗೆ ಬಹಿರಂಗವಾಗಿಯೇ ಗೊಣಗುತ್ತಿದ್ದರು. ಗೊಣಗಾಟ ನ್ಯಾಯವಾದದ್ದೇ. ಮಕ್ಕಳ ಹೊತ್ತಿನಲ್ಲಿ ಈ ಸರಣಿಯನ್ನು ಮತ್ತೆ ಮತ್ತೆ ತೋರಿಸಿದ್ದು ಆಸ್ಟ್ರೇಲಿಯದ ಎಬಿಸಿ. ಹೀಗಾಗಿ ಸ್ವಂತ ನಾಡಿನಲ್ಲಿ ಒಂದು ಇಡೀ ತಲೆಮಾರು ಅವರ ಹೆಸರನ್ನೇ ಮರೆಯುತ್ತಿದ್ದಾಗ, 2005ರಲ್ಲಿ ಆಸ್ಟ್ರೇಲಿಯದ ರಂಗಮಂದಿರಗಳು ಅವರಿಗಾಗಿ ತೆರೆದವು.

ಟೆಲಿವಿಷನ್ ಕೈಬಿಟ್ಟರೂ ರೇಡಿಯೊ ಬಿಡಲಿಲ್ಲ. 1972ರಲ್ಲಿ ಗಾರ್ಡನ್ ಕಲ್ಪನೆಯಿಂದ ಹುಟ್ಟಿದ ‘ಐಯಾಮ್ ಸಾರಿ ಐ ಹ್ಯಾವಂಟ್ ಎ ಕ್ಲೂ’ ಬಿಬಿಸಿ ರೇಡಿಯೊದ ಅತಿ ದೀರ್ಘಾಯುಷಿ ಹಾಸ್ಯ ಕಾರ್ಯಕ್ರಮಗಳಲ್ಲೊಂದು. ರಸಪ್ರಶ್ನೆಯ ವೇಷದಲ್ಲಿ ಬರುವ ಶುದ್ಧ ತರಲೆ ಅದು. ಅದರಲ್ಲೊಂದು ಆಟ ‘ಮಾರ್ನಿಂಗ್ಟನ್ ಕ್ರೆಸೆಂಟ್’. ಆಟಗಾರರು ಲಂಡನ್ನಿನ ಸ್ಥಳಗಳ ಹೆಸರನ್ನು ಒಬ್ಬರಾದ ಮೇಲೊಬ್ಬರು ಗಂಭೀರವಾಗಿ ಹೇಳುತ್ತಾ ಹೋಗುತ್ತಾರೆ. ಮಾರ್ನಿಂಗ್ಟನ್ ಕ್ರೆಸೆಂಟ್ ರೈಲು ನಿಲ್ದಾಣದ ಹೆಸರನ್ನು ಮೊದಲು ಹೇಳಿದವರು ಗೆದ್ದಂತೆ. ನಿಯಮಗಳು ಅತಿ ಜಟಿಲವೆಂದು ಎಲ್ಲರೂ ನಟಿಸುತ್ತಾರೆ, ನಿಯಮಗಳೇ ಇಲ್ಲ! ಈ ತರಲೆಯಲ್ಲಿ ಬ್ರೂಕ್-ಟೇಲರ್ ಸುಮಾರು 48 ವರ್ಷ ಭಾಗವಹಿಸಿದ. ಮುಖ ಕಾಣದ ಮಾಧ್ಯಮದಲ್ಲಿ ಅವನ ಧ್ವನಿ ಬ್ರಿಟನ್ನಿನ ಮನೆಮನೆಯ ಅಡಿಗೆಮನೆಯಲ್ಲಿ ನೆಲೆಸಿತು. 2011ರಲ್ಲಿ ಒಬಿಇ ಗೌರವ ಬಂದಿತು.

ಬಿಲ್ ಆಡಿ ಅಷ್ಟರಲ್ಲಿ ಪಕ್ಷಿವೀಕ್ಷಕನಾಗಿ ಮರುಜನ್ಮ ಪಡೆದು, ವನ್ಯಜೀವಿ ಕಾರ್ಯಕ್ರಮಗಳಿಂದ ಮತ್ತೆ ಮನೆಮಾತಾಗಿದ್ದ. ಹೊಸ ಪ್ರೇಕ್ಷಕರಿಗೆ ಅವನು ಹಕ್ಕಿಗಳ ಮನುಷ್ಯ. ಕಪ್ಪು ಸಾಸೇಜು ಬೀಸಿದವನೆಂದು ಗೊತ್ತಿದ್ದವರು ಕಡಿಮೆ.

ಬಿಬಿಸಿಗಾಗಿ ಮಾಡಿದ ಗೂಡೀಸ್ ಕಂತುಗಳೆಲ್ಲ ಒಟ್ಟಾಗಿ ಡಿವಿಡಿಯಲ್ಲಿ ಹೊರಬಂದದ್ದು 2018ರಲ್ಲಿ, ಆರಂಭದಿಂದ 48 ವರ್ಷಗಳ ನಂತರ. ಆಗ ಬ್ರೂಕ್-ಟೇಲರ್‌ಗೆ 78 ವರ್ಷ. ಇನ್ನೆರಡು ವರ್ಷಗಳಲ್ಲಿ, 2020ರ ಏಪ್ರಿಲ್ 12ರಂದು, ಕೋವಿಡ್‌ನ ಮೊದಲ ಅಲೆಯಲ್ಲಿ ಅವನು ತೀರಿಕೊಂಡ. ಆ ಡಿವಿಡಿ ಪೆಟ್ಟಿಗೆಯಲ್ಲಿ ಇಲ್ಲದಿರುವುದು 1971ರ ನವೆಂಬರ್‌ನಲ್ಲಿ ಒಮ್ಮೆ ಪ್ರಸಾರವಾದ, ಬೆಕ್ಕಿನ ಮರಿಯ ಮೊದಲ ಆವೃತ್ತಿ.