ಗೊಕು ಗೆಲ್ತಾನಾ, ಕರ್ಣ ಗೆಲ್ತಾನಾ? ‘ಪವರ್ ಸ್ಕೇಲಿಂಗ್’ ಜಗಳವನ್ನು ಗಂಜಾಂನಿಂದ ನೋಡಿದರೆ

ಗೊಕು ಮತ್ತು ಸೂಪರ್‌ಮ್ಯಾನ್ ಎದುರಾಬದುರು ನಿಂತರೆ ಗೆಲ್ಲೋರು ಯಾರು? ನಡುವೆ ಸೈತಾಮಾ ಬಂದು ಒಂದು ಗುದ್ದು ಕೊಟ್ಟರೆ ಇಬ್ಬರೂ ಉಳೀತಾರಾ? ಹದಿಹರೆಯದ ಮಕ್ಕಳಿರುವ ಮನೆಯಲ್ಲಿ ಈ ಪ್ರಶ್ನೆ ಊಟದ ತಟ್ಟೆಯ ಮುಂದೆ ಎದ್ದಿದ್ದರೆ ಆಶ್ಚರ್ಯವೇನಿಲ್ಲ. ದೊಡ್ಡವರು ‘ಕೆಲಸ ಇಲ್ವಾ ನಿಮಗೆ’ ಅಂತ ಎದ್ದು ಹೋಗ್ತಾರೆ. ಆದರೆ ಕಾಮಿಕ್ಸ್ ಮತ್ತು ಆನಿಮೆ ಅಭಿಮಾನಿಗಳ ಈ ಜಗಳಕ್ಕೆ ಒಂದು ಹೆಸರಿದೆ, ನಿಯಮಗಳಿವೆ, ಪರಿಭಾಷೆ ಇದೆ. ಹೆಸರು ಪವರ್ ಸ್ಕೇಲಿಂಗ್. ಅಂದರೆ ಪಾತ್ರಗಳ ಬಲವನ್ನು ಅಳೆದು, ಒಂದರ ಮೇಲೊಂದು ಸಾಲಾಗಿ ನಿಲ್ಲಿಸೋದು.

ಇದರಲ್ಲಿ ಎರಡು ಪಕ್ಷ. ಮೊದಲ ಪಕ್ಷದವರಿಗೆ ಪುಟದ ಮೇಲೆ ಕಂಡದ್ದೇ ಸಾಕ್ಷಿ: ಯಾರು ಬೆಟ್ಟ ಒಡೆದರು, ಯಾರು ಗ್ರಹ ಒಡೆದರು. ಇದನ್ನು ‘ಫೀಟ್’ ಅಂತಾರೆ. ಫೀಟ್‌ಗಳನ್ನು ಕೂಡಿಸಿ ಮಾಡಿದ ಪಟ್ಟಿ ‘ಟಿಯರ್ ಲಿಸ್ಟ್’. ಬಲಶಾಲಿಯನ್ನು ಲೇಖಕ ಬೇಕಂತಲೇ ಕುಗ್ಗಿಸಿದರೆ ‘ನೆರ್ಫ್’. ಸಾಯಬೇಕಾದವನು ಕತೆಗೆ ಬೇಕು ಅನ್ನೋ ಒಂದೇ ಕಾರಣಕ್ಕೆ ಬದುಕಿದರೆ ‘ಪ್ಲಾಟ್ ಆರ್ಮರ್’. ಎರಡನೇ ಪಕ್ಷದವರು ಈ ಲೆಕ್ಕವನ್ನೇ ಒಪ್ಪಲ್ಲ. ಬಲ ಇರಲಿ ಬಿಡ್ರೀ, ಕತೆಗೆ ಆಳ ಇದೆಯಾ, ಪಾತ್ರ ಬೆಳೀತದಾ, ಸೋಲಿಗೆ ಅರ್ಥ ಇದೆಯಾ ಅಂತ ಕೇಳ್ತಾರೆ. ಒಬ್ಬರ ಪ್ರಕಾರ ಇನ್ನೊಬ್ಬರು ಮಕ್ಕಳು, ಇನ್ನೊಬ್ಬರ ಪ್ರಕಾರ ಇವರು ಬೋರು.

ಬಲ ಮತ್ತು ಆಳ ಎರಡು ಬೇರೆ ಪೆಟ್ಟಿಗೆ ಅನ್ನೋದೇ ಇಲ್ಲಿನ ತಪ್ಪು ಎಣಿಕೆ. ಪಾತ್ರಕ್ಕೆ ಎಷ್ಟು ಬಲ ಅನ್ನೋದನ್ನು ಕತೆ ಹೇಳುವವನು ನಿರ್ಧರಿಸ್ತಾನೆ. ಆ ಬಲಕ್ಕೆ ಎಲ್ಲಿ ಗೆರೆ ಎಳೀತಾನೋ ಅಲ್ಲಿ ಆಳ ಹುಟ್ಟುತ್ತೆ. ಇದನ್ನು ನೋಡೋಕೆ ಟೋಕಿಯೋಗೆ ಹೋಗಬೇಕಿಲ್ಲ, ಶ್ರೀರಂಗಪಟ್ಟಣದ ಸುತ್ತಮುತ್ತಲೇ ಬೇಕಾದಷ್ಟು ಸಾಮಗ್ರಿ ಇದೆ.

ಅಂಕಿ ಹುಟ್ಟಿದ್ದು, ಅಂಕಿ ಸತ್ತಿದ್ದು

ಬಲಕ್ಕೆ ಅಂಕಿ ಕೊಡುವ ಚಾಳಿಯನ್ನು ಜನಪ್ರಿಯ ಮಾಡಿದ್ದು ಅಕಿರಾ ತೊರಿಯಾಮಾ ಅವರ ‘ಡ್ರ್ಯಾಗನ್ ಬಾಲ್’. 1984ರಿಂದ 1995ರವರೆಗೆ ಜಪಾನಿನ ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದ ಮಾಂಗಾ ಅದು. ಅದರಲ್ಲಿ ‘ಸ್ಕೌಟರ್’ ಅನ್ನೋ ಸಾಧನ ಬರುತ್ತೆ. ಕಣ್ಣಿಗೆ ಹಾಕಿಕೊಂಡರೆ ಎದುರಿನವನ ಬಲ ಅಂಕಿಯಲ್ಲಿ ಕಾಣುತ್ತೆ. ಬಂದೂಕು ಹಿಡಿದ ರೈತನಿಗೆ 5. ಖಳ ಫ್ರೀಜಾಗೆ, ಅದೂ ಮೊದಲ ರೂಪದಲ್ಲೇ, 5,30,000. ಗೊಕುವಿನ ಅಂಕಿ ಕಂಡು ವೆಜಿಟಾ ಕಿರುಚುವ ಪ್ರಸಿದ್ಧ ಸಂಖ್ಯೆ ಜಪಾನಿ ಮೂಲದಲ್ಲಿ 8,000, ಇಂಗ್ಲಿಷ್ ಡಬ್ಬಿಂಗ್‌ನಲ್ಲಿ 9,000. ಜಗತ್ತೆಲ್ಲ ಮೀಮ್ ಆಗಿ ಓಡಾಡಿದ್ದು ಆ ಒಂಬತ್ತು ಸಾವಿರವೇ. ಅಳತೆಯ ಮೇಲೆ ಎಷ್ಟು ನಂಬಿಕೆ ಇಡಬೇಕು ಅನ್ನೋದಕ್ಕೆ ಇದಕ್ಕಿಂತ ಉದಾಹರಣೆ ಬೇಡ.

ಸ್ವಾರಸ್ಯ ಏನಂದ್ರೆ, ಆ ಕತೆಯೊಳಗೇ ಸ್ಕೌಟರ್ ಮೋಸ ಹೋಗುತ್ತೆ. ಭೂಮಿಯ ವೀರರು ತಮ್ಮ ಬಲವನ್ನು ಅಡಗಿಸಿಡಬಲ್ಲರು, ಬೇಕಾದಾಗ ಒಮ್ಮೆಗೇ ಹೆಚ್ಚಿಸಬಲ್ಲರು. ಅಂಕಿ ನಂಬಿದ ಖಳರೆಲ್ಲ ಒದೆ ತಿಂತಾರೆ. ಕೆಲವು ಸ್ಕೌಟರ್ ಸಿಡಿದೇ ಹೋಗ್ತವೆ. ಫ್ರೀಜಾ ಪ್ರಕರಣ ಮುಗಿದ ಮೇಲೆ ತೊರಿಯಾಮಾ ಆ ಅಂಕಿಗಳನ್ನು ಹೆಚ್ಚುಕಮ್ಮಿ ಕೈಬಿಟ್ಟರು. ಅಭಿಮಾನಿಗಳು ಬಿಡಲಿಲ್ಲ.

ಅಮೆರಿಕದ ಕಾಮಿಕ್ಸ್‌ನಲ್ಲಿ ತೊಡಕು ಬೇರೆ. ಅಲ್ಲಿ ಒಂದೇ ಪಾತ್ರವನ್ನು ಹತ್ತಾರು ಲೇಖಕರು ದಶಕಗಟ್ಟಲೆ ಬರೀತಾರೆ. 1938ರಲ್ಲಿ ಬಂದ ಮೊದಲ ಸೂಪರ್‌ಮ್ಯಾನ್‌ಗೆ ಹಾರೋಕೆ ಬರ್ತಿರಲಿಲ್ಲ, ಉದ್ದಕ್ಕೆ ನೆಗೀತಿದ್ದ ಅಷ್ಟೇ. ಆಮೇಲೆ ಬಂದವರು ಅವನನ್ನು ಆಕಾಶಕ್ಕೆ ಏರಿಸಿದರು. ‘ಸೂಪರ್‌ಮ್ಯಾನ್ ಎಷ್ಟು ಬಲಶಾಲಿ’ ಅಂತ ಕೇಳಿದರೆ, ‘ಯಾವ ವರ್ಷದವನು’ ಅಂತ ತಿರುಗಿ ಕೇಳಬೇಕಾಗುತ್ತೆ.

ಭೀಷ್ಮರ ಟಿಯರ್ ಲಿಸ್ಟ್

‘ಅತಿರಥ ಮಹಾರಥರೆಲ್ಲ ಬಂದಿದ್ರು’ ಅಂತ ಮದುವೆ ಸುದ್ದಿ ಹೇಳುವಾಗಲೂ ನಾವು ಬಳಸ್ತೀವಲ್ಲ, ಆ ಪದಗಳು ಒಂದು ಶ್ರೇಣೀಕರಣದ ಪದಗಳು. ಮಹಾಭಾರತದ ಉದ್ಯೋಗಪರ್ವದಲ್ಲಿ, ಯುದ್ಧಕ್ಕೆ ಮುಂಚೆ, ದುರ್ಯೋಧನ ಕೇಳ್ತಾನೆ: ಎರಡೂ ಕಡೆ ಯಾರ್‍ಯಾರು ಎಷ್ಟೆಷ್ಟು ಸಮರ್ಥರು? ಭೀಷ್ಮರು ಒಬ್ಬೊಬ್ಬರನ್ನೇ ಹೆಸರಿಸಿ ರಥ, ಅತಿರಥ, ಮಹಾರಥ ಅಂತ ದರ್ಜೆ ಹಾಕ್ತಾ ಹೋಗ್ತಾರೆ. ಭೀಮ ಒಬ್ಬನೇ ಎಂಟು ರಥಿಕರಿಗೆ ಸಮ. ಅಶ್ವತ್ಥಾಮನಿಗೆ ಸಾಟಿಯಿಲ್ಲದ ಕೌಶಲ ಇದೆ, ಆದರೆ ಅವನಿಗೆ ಜೀವದ ಮೇಲೆ ಆಸೆ ಹೆಚ್ಚು, ಹಾಗಾಗಿ ದರ್ಜೆ ಇಲ್ಲ. ಕರ್ಣನ ಸರದಿ ಬಂದಾಗ ಅವನು ಅರ್ಧರಥ. ಯಾಕೆ? ಕವಚ ಕುಂಡಲ ಕಳಕೊಂಡಿದ್ದಾನೆ, ಪರಶುರಾಮರ ಶಾಪ ಇದೆ.

ಇಂದಿನ ಯಾವ ಟಿಯರ್ ಲಿಸ್ಟಿಗೂ ಇದು ಕಡಿಮೆಯಿಲ್ಲ. ಫೀಟ್ ನೋಡಿದ್ದಾರೆ, ನೆರ್ಫ್ ಲೆಕ್ಕ ಹಾಕಿದ್ದಾರೆ, ಮನೋಬಲವನ್ನೂ ಬಿಟ್ಟಿಲ್ಲ. ಆದರೆ ಪಟ್ಟಿ ಓದಿದ ಮೇಲೆ ಏನಾಗುತ್ತೆ ನೋಡಿ. ಕರ್ಣ ಸಿಡಿದೇಳ್ತಾನೆ. ನಮ್ಮ ನಮ್ಮಲ್ಲೇ ಒಡಕು ತರ್ತಿದ್ದೀರಿ, ನೀವು ಇರೋವರೆಗೂ ನಾನು ಆಯುಧ ಹಿಡಿಯಲ್ಲ ಅಂತಾನೆ. ಹತ್ತು ದಿನ ಕೌರವರ ಕಡೆ ಕರ್ಣನೇ ಇಲ್ಲ! ಅಂದರೆ ಆ ಪಟ್ಟಿ ಬರೀ ಅಳತೆಯಲ್ಲ, ಯುದ್ಧದ ದಿಕ್ಕನ್ನೇ ಬದಲಿಸಿದ ಘಟನೆ. ಭೀಷ್ಮರು ಅಳೆದರಾ, ಅವಮಾನ ಮಾಡಿದರಾ, ಬೇಕಂತಲೇ ಕರ್ಣನನ್ನು ಹೊರಗಿಟ್ಟರಾ? ಈ ಪ್ರಶ್ನೆ ಇವತ್ತಿಗೂ ಮುಗಿದಿಲ್ಲ. ಬಲದ ಅಂಕಿಯನ್ನು ಯಾರು, ಯಾರ ಮುಂದೆ, ಯಾವಾಗ ಹೇಳಿದರು ಅನ್ನೋದರಲ್ಲೇ ಕತೆ ಇದೆ.

ಕರ್ಣನ ಸೋಲಿನ ಲೆಕ್ಕ ಹಾಕಿದರೆ ಇನ್ನಷ್ಟು ಸ್ಪಷ್ಟ. ಪರಶುರಾಮರ ಶಾಪ, ಹಸು ಕಳಕೊಂಡ ಬ್ರಾಹ್ಮಣನ ಶಾಪ, ಇಂದ್ರನಿಗೆ ಕೊಟ್ಟ ಕವಚ, ಘಟೋತ್ಕಚನ ಮೇಲೆ ಖರ್ಚಾದ ಶಕ್ತ್ಯಾಯುಧ, ಕುಂತಿಗೆ ಕೊಟ್ಟ ಮಾತು, ಪಕ್ಕದಲ್ಲೇ ಕೂತು ಹೀಯಾಳಿಸುವ ಸಾರಥಿ ಶಲ್ಯ. ಇವುಗಳಲ್ಲಿ ಒಂದನ್ನು ತೆಗೆದರೂ ಫಲಿತಾಂಶ ಬದಲಾಗ್ತಿತ್ತು ಅಂತ ವಾದ ಮಾಡಬಹುದು. ಆದರೆ ಎಲ್ಲವನ್ನೂ ತೆಗೆದರೆ ಉಳಿಯೋನು ಕರ್ಣ ಅಲ್ಲ, ಒಳ್ಳೇ ಬಿಲ್ಲುಗಾರ ಅಷ್ಟೇ.

ಯೋಶಿಹಿರೋ ತೊಗಾಶಿ 1998ರಲ್ಲಿ ಶುರು ಮಾಡಿದ ‘ಹಂಟರ್ ಎಕ್ಸ್ ಹಂಟರ್’ ಇದೇ ತರ್ಕವನ್ನು ನಿಯಮವಾಗಿ ಬರೆದಿಟ್ಟಿದೆ. ಅಲ್ಲಿ ತಾನೇ ಹಾಕಿಕೊಂಡ ಕಟ್ಟುಪಾಡು ಕಠಿಣವಾದಷ್ಟೂ ಶಕ್ತಿ ಹೆಚ್ಚು. ಕುರಾಪಿಕಾ ತನ್ನ ಸರಪಳಿಯ ಒಂದು ಶಕ್ತಿಯನ್ನು ತನ್ನ ಕುಲ ಅಳಿಸಿದ ಗುಂಪಿನ ಮೇಲೆ ಮಾತ್ರ ಬಳಸಬಹುದು, ಬೇರೆಯವರ ಮೇಲೆ ಬಳಸಿದರೆ ಅವನೇ ಸಾಯ್ತಾನೆ. ಇದನ್ನು ಓದಿದ ಕನ್ನಡದ ಹುಡುಗಿಗೆ ಭೀಷ್ಮಪ್ರತಿಜ್ಞೆ ನೆನಪಾಗದೇ ಇರುತ್ತಾ? ರಾಜ್ಯ ಬೇಡ, ಮದುವೆ ಬೇಡ ಅಂದದ್ದಕ್ಕೇ ಇಚ್ಛಾಮರಣ ಸಿಕ್ಕಿತು. ಅದೇ ಪ್ರತಿಜ್ಞೆಯಿಂದಲೇ ಅಂಬೆಯೂ ಬಂದಳು, ಶಿಖಂಡಿಯೂ ಬಂದ.

ಗೆರೆಯೇ ಇಲ್ಲದ ಬಲ ಏನಾಗುತ್ತೆ ಅನ್ನೋದಕ್ಕೆ ‘ಒನ್ ಪಂಚ್ ಮ್ಯಾನ್’ ಇದೆ. ಒಂದೇ ಗುದ್ದಿಗೆ ಎಲ್ಲರೂ ಮುಗೀತಾರೆ, ನಾಯಕನಿಗೆ ಬೇಜಾರು ಹಿಡಿಯುತ್ತೆ. ಆ ಬೇಜಾರೇ ಅಲ್ಲಿ ಕತೆ.

ಗಂಜಾಂ ಗೋಡೆಯ ಕಾಮಿಕ್ಸ್

ಶ್ರೀರಂಗಪಟ್ಟಣದ ಕೋಟೆಯಿಂದ ಹೊರಬಿದ್ದು ಗಂಜಾಂ ಕಡೆ ಹೊರಟರೆ ದರಿಯಾ ದೌಲತ್ ಸಿಗುತ್ತೆ. ಟಿಪ್ಪು ಸುಲ್ತಾನ್ 1784ರಲ್ಲಿ ಕಟ್ಟಿಸಿದ ಬೇಸಿಗೆ ಅರಮನೆ. ಅದರ ಪಶ್ಚಿಮದ ಗೋಡೆಯ ಮೇಲೆ ಪೊಲ್ಲಿಲೂರು ಯುದ್ಧದ ಚಿತ್ರ ಇದೆ. 1780ರ ಸೆಪ್ಟೆಂಬರ್ 10ರಂದು, ಕಾಂಚೀಪುರದ ಹತ್ತಿರ, ಹೈದರ್ ಮತ್ತು ಟಿಪ್ಪುವಿನ ಸೇನೆ ಕರ್ನಲ್ ವಿಲಿಯಂ ಬೇಲಿಯ ಪಡೆಯನ್ನು ಪುಡಿಗಟ್ಟಿದ ಯುದ್ಧ.

ಕಾಮಿಕ್ಸ್ ಓದಿ ಪಳಗಿದ ಕಣ್ಣಿಗೆ ಈ ಗೋಡೆ ಥಟ್ಟನೆ ಅರ್ಥವಾಗುತ್ತೆ. ಕೆಂಪು ಕೋಟಿನ ಸಿಪಾಯಿಗಳು ಅಚ್ಚೊತ್ತಿದ ಹಾಗೆ ಒಂದೇ ಥರ, ಚೌಕ ಕಟ್ಟಿ ನಿಂತಿದ್ದಾರೆ. ಸುತ್ತಲಿಂದ ಮೈಸೂರಿನ ಕುದುರೆಗಳು ನುಗ್ಗುತ್ತಿವೆ. ನಡುವೆ ಮದ್ದಿನ ಗಾಡಿ ಸಿಡಿಯುತ್ತಿದೆ. ಬೇಲಿ ಪಲ್ಲಕ್ಕಿಯಲ್ಲಿ ಕೂತು ಬೆರಳು ಕಚ್ಚುತ್ತಿದ್ದಾನೆ. ಟಿಪ್ಪು ಮಾತ್ರ ಹೂ ಮೂಸುತ್ತಾ ನಿರಾಳ! ಆನಿಮೆಯಲ್ಲಿ ಗಾಳಿಗೆ ಕೂದಲು ಹಾರಿಸುತ್ತಾ, ಮುಖದಲ್ಲಿ ಒಂದು ಗೆರೆಯೂ ಕದಲದೆ ನಿಲ್ಲುವ ನಾಯಕನನ್ನು ನೋಡಿದ್ದೀರಲ್ಲ, ಅದೇ ತಂತ್ರ. ಬಲವನ್ನು ಸ್ನಾಯುವಿನಲ್ಲಿ ತೋರಿಸಿಲ್ಲ, ನೆಮ್ಮದಿಯಲ್ಲಿ ತೋರಿಸಿದ್ದಾರೆ.

ಚಿತ್ರ ಬರೆಸಿದವನೇ ಚಿತ್ರದ ನಾಯಕ, ಹಾಗಾಗಿ ಇಲ್ಲಿ ಬಲದ ತಕ್ಕಡಿ ಯಾವ ಕಡೆ ವಾಲುತ್ತೆ ಅಂತ ಕೇಳಬೇಕಿಲ್ಲ. ಕಾಂಚೀಪುರದಲ್ಲಿದ್ದ ಹೆಕ್ಟರ್ ಮನ್ರೋ ಸಮಯಕ್ಕೆ ನೆರವಿಗೆ ಬಾರದೇ ಹೋದದ್ದು ಆ ಸೋಲಿನ ದೊಡ್ಡ ಕಾರಣ ಅಂತ ಇತಿಹಾಸ ಹೇಳುತ್ತೆ. ಗೋಡೆಯ ಕತೆ ಗೆದ್ದವರ ಬಲದ ಕತೆ.

ಆದರೆ ಈ ಚಿತ್ರಕ್ಕೆ ಎರಡನೇ ಅಧ್ಯಾಯ ಇದೆ, ನನಗೆ ಅದೇ ಹೆಚ್ಚು ಇಷ್ಟ. 1799ರಲ್ಲಿ ಟಿಪ್ಪು ಸತ್ತ ಮೇಲೆ ಈ ಅರಮನೆಯಲ್ಲಿ ಬಂದು ಇದ್ದವನು ಆರ್ಥರ್ ವೆಲ್ಲೆಸ್ಲಿ, ಮುಂದೆ ವಾಟರ್‌ಲೂನಲ್ಲಿ ನೆಪೋಲಿಯನ್ನನ್ನು ಸೋಲಿಸಿದ ವೆಲ್ಲಿಂಗ್ಟನ್. ಅಳಿಸಿಹೋಗುತ್ತಿದ್ದ ಚಿತ್ರವನ್ನು ಅವನು ಸರಿಮಾಡಿಸಿದ. ಮತ್ತೆ ಮಾಸಿದಾಗ 1850ರ ದಶಕದಲ್ಲಿ ಡಾಲ್‌ಹೌಸಿ ಮತ್ತೊಮ್ಮೆ ಬಣ್ಣ ಹಾಕಿಸಿದ. ತಮ್ಮದೇ ಸೋಲಿನ ಚಿತ್ರವನ್ನು ಬ್ರಿಟಿಷರು ಯಾಕೆ ಕಾಪಾಡಿದರು? ಒಂದು ಉತ್ತರ ಪವರ್ ಸ್ಕೇಲಿಂಗ್‌ನಲ್ಲೇ ಇದೆ ಅನ್ಸುತ್ತೆ. ಖಳ ದೊಡ್ಡವನಾದಷ್ಟೂ ಅವನನ್ನು ಸೋಲಿಸಿದವನು ದೊಡ್ಡವನು. ಫ್ರೀಜಾಗೆ 5,30,000 ಕೊಟ್ಟದ್ದು ಫ್ರೀಜಾ ಮೇಲಿನ ಪ್ರೀತಿಗಲ್ಲ. ಈಗ ಟಿಪ್ಪು ಹೆಸರೆತ್ತಿದರೆ ಸಾಕು, ನಾಯಕ–ಖಳ ಅಂತ ಎರಡೇ ಖಾನೆಯ ಟಿಯರ್ ಲಿಸ್ಟ್ ಹಿಡಿದು ಬರುವವರು ಈ ಗೋಡೆಯ ಮುಂದೆ ಹತ್ತು ನಿಮಿಷ ನಿಂತರೆ ಒಳ್ಳೇದು. ಒಂದೇ ಚಿತ್ರ, ಎರಡು ಯಜಮಾನರು, ಎರಡು ಉಪಯೋಗ.

ಇದೇ ಸಂಯೋಜನೆಯ, 32 ಅಡಿ ಉದ್ದದ ಕಾಗದದ ಚಿತ್ರವೊಂದು 2022ರ ಮಾರ್ಚ್‌ನಲ್ಲಿ ಲಂಡನ್ನಿನ ಹರಾಜಿನಲ್ಲಿ 6,30,000 ಪೌಂಡಿಗೆ ಹೋಯಿತು. ಬೇಲಿ ಸೆರೆಯಲ್ಲಿ ಸತ್ತದ್ದು ಶ್ರೀರಂಗಪಟ್ಟಣದಲ್ಲೇ, 1782ರಲ್ಲಿ. ಅವನ ಸಂಬಂಧಿಕರು ಕಟ್ಟಿಸಿದ ಸ್ಮಾರಕ ಗುಂಬಜ್ ಹತ್ತಿರ ಇದೆ. ಬೆರಳು ಕಚ್ಚಿದವನ ಕಡೆಯ ಕತೆಯೂ ಅದೇ ಗಂಜಾಂ ದಾರಿಯಲ್ಲಿ ಸಿಗುತ್ತೆ.

ಯಜಮಾನ ಗೆಲ್ಲಿಸಿದ, ಕವಿ ಸೋತವನ ಹಿಂದೆ ಹೋದ

ಯಜಮಾನ–ನಾಯಕ ಸಮೀಕರಣ ಕನ್ನಡ ಸಾಹಿತ್ಯಕ್ಕೆ ಹೊಸದೇನಲ್ಲ. ಪಂಪ 941ರ ‘ವಿಕ್ರಮಾರ್ಜುನ ವಿಜಯ’ದಲ್ಲಿ ತನ್ನ ದೊರೆ ಅರಿಕೇಸರಿಯನ್ನೇ ಅರ್ಜುನನ ಜೊತೆ ಬೆಸೆದ. ದ್ರೌಪದಿ ಅರ್ಜುನನೊಬ್ಬನ ಹೆಂಡತಿ, ಕೊನೆಗೆ ಪಟ್ಟವೂ ಅರ್ಜುನನಿಗೆ. ಇಂದಿನ ಹುಡುಗರು ಇದನ್ನು ‘ಗ್ಲೇಜಿಂಗ್’ ಅಂತಾರೆ, ಅಂದರೆ ಅತಿಯಾಗಿ ಹೊಗಳಿ ಹೊಳಪು ಹಚ್ಚೋದು. ಆದರೂ ಆ ಕಾವ್ಯ ಓದಿದವರ ಮನಸ್ಸಲ್ಲಿ ಕೂರೋನು ಕರ್ಣ. ಕಾವ್ಯದ ಕೊನೆಗೆ ಪಂಪ ತನ್ನದೇ ಒಂದು ಪಟ್ಟಿ ಕೊಡ್ತಾನೆ. ಛಲಕ್ಕೆ ದುರ್ಯೋಧನ, ಸತ್ಯಕ್ಕೆ ಕರ್ಣ, ಬಿಲ್ವಿದ್ಯೆಗೆ ದ್ರೋಣ, ಸಾಹಸಕ್ಕೆ ಅರ್ಜುನ. ಬಲಕ್ಕೆ? ಶಲ್ಯ! ಒಂದೇ ಏಣಿ ಇಟ್ಟು ಎಲ್ಲರನ್ನೂ ಹತ್ತಿಸುವ ಬದಲು ಒಬ್ಬೊಬ್ಬರಿಗೂ ಬೇರೆ ಬೇರೆ ಅಳತೆಗೋಲು. ಟಿಯರ್ ಲಿಸ್ಟ್ ಮಾಡಲೇಬೇಕು ಅಂತಿದ್ರೆ ಹೀಗೆ ಮಾಡಬೇಕು.

ರನ್ನನ ‘ಗದಾಯುದ್ಧ’ದಲ್ಲೂ ಹೀಗೇ. ದೊರೆ ಸತ್ಯಾಶ್ರಯ ಭೀಮನಿಗೆ ಸಮ, ಗೆಲ್ಲೋನು ಭೀಮ. ಆದರೆ ಹೆಣಗಳ ನಡುವೆ ನಡೆದು ಹೋಗುತ್ತಾ, ಶತ್ರುವಿನ ಮಗ ಅಭಿಮನ್ಯುವಿಗೂ ಮನಸಾರೆ ಮೆಚ್ಚುಗೆ ಸಲ್ಲಿಸುವ ದುರ್ಯೋಧನನನ್ನು ಯಾರು ಮರೀತಾರೆ? ಇದನ್ನು ಗುರುತಿಸಿ 1926ರಲ್ಲಿ ‘ಗದಾಯುದ್ಧ ನಾಟಕ’ವಾಗಿ ಕಟ್ಟಿದವರು ಬಿ.ಎಂ.ಶ್ರೀ. ಹೆಸರಿನ ‘ಬಿ’ ಅಂದರೆ ಬೆಳ್ಳೂರು, ನಾಗಮಂಗಲ ತಾಲೂಕಿನದು. ಬಾಲ್ಯ ಕಳೆದದ್ದು ಶ್ರೀರಂಗಪಟ್ಟಣದಲ್ಲಿ. ಗ್ರೀಕ್ ದುರಂತ ನಾಟಕ ಓದಿದ್ದ ಅವರಿಗೆ ಸೋಲುವವನೇ ನಾಯಕನಾಗಬಲ್ಲ ಅನ್ನೋದು ಕಂಡಿತ್ತು. ಸಾಫಕ್ಲೀಸನ ‘ಏಜಾಕ್ಸ್’ ಅನ್ನು ಅವರು ‘ಅಶ್ವತ್ಥಾಮನ್’ ಆಗಿ ಕನ್ನಡಕ್ಕೆ ತಂದದ್ದೂ ಅದೇ ದಾರಿಯಲ್ಲಿ.

ಇದೆಲ್ಲ ಪುಸ್ತಕದ ಮಾತು ಅನ್ನೋರು ಕೆ.ಆರ್. ಪೇಟೆ, ನಾಗಮಂಗಲದ ಹಳ್ಳಿಗಳಲ್ಲಿ ರಾತ್ರಿಯಿಡೀ ನಡೆಯುವ ‘ಕುರುಕ್ಷೇತ್ರ’ ನಾಟಕ ನೋಡಬೇಕು. ಊರಿನವರೇ ವಂತಿಗೆ ಕೊಟ್ಟು ಪಾತ್ರ ತಗೋತಾರೆ, ಹಾರ್ಮೋನಿಯಂ ಮೇಷ್ಟ್ರು ತಿಂಗಳುಗಟ್ಟಲೆ ಕಲಿಸ್ತಾರೆ. ಕೃಷ್ಣನ ಜೊತೆ ಪೈಪೋಟಿ ಇರೋದು ದುರ್ಯೋಧನನ ಪಾತ್ರಕ್ಕೆ. ಸೋಲೋದು ಗೊತ್ತಿದ್ದೂ ದುಡ್ಡು ಕೊಟ್ಟು ಸೋಲುವವನಾಗ್ತಾರೆ, ಯಾಕಂದ್ರೆ ಹಾಡು, ಮಾತು, ಗತ್ತು ಎಲ್ಲ ಅವನದ್ದೇ. 2019ರ ‘ಕುರುಕ್ಷೇತ್ರ’ ಸಿನಿಮಾದಲ್ಲಿ ದರ್ಶನ್ ಮಾಡಿದ್ದೂ ಅದೇ ಪಾತ್ರ.

ಜಗಳದ ಭಾಷೆ ಯಾವುದು?

ಇಷ್ಟೆಲ್ಲ ಇದ್ದೂ ನಮ್ಮ ಮಕ್ಕಳು ಈ ಚರ್ಚೆ ಮಾಡೋದು ಇಂಗ್ಲಿಷ್ ಪದಗಳಲ್ಲಿ. ತಪ್ಪು ಅವರದಲ್ಲ. 2025ರ ಸೆಪ್ಟೆಂಬರ್‌ನಲ್ಲಿ ‘ಡೀಮನ್ ಸ್ಲೇಯರ್: ಇನ್ಫಿನಿಟಿ ಕ್ಯಾಸಲ್’ ಭಾರತದ ಥಿಯೇಟರ್‌ಗಳಿಗೆ ಬಂದಾಗ ಜಪಾನಿ ಜೊತೆ ಇಂಗ್ಲಿಷ್, ಹಿಂದಿ, ತಮಿಳು, ತೆಲುಗಿನಲ್ಲಿತ್ತು. ಕನ್ನಡದಲ್ಲಿ ಇರಲಿಲ್ಲ. ಹಾಗಂತ ಕನ್ನಡಕ್ಕೂ ಕಾಮಿಕ್ಸ್‌ಗೂ ನಂಟಿಲ್ಲ ಅಂತಲ್ಲ. ಅಮರ ಚಿತ್ರ ಕಥೆ ಹೆಸರಿನ ಮೊದಲ ಹತ್ತು ಪುಸ್ತಕಗಳು 1960ರ ದಶಕದಲ್ಲಿ ಬಂದದ್ದು ಕನ್ನಡದಲ್ಲೇ, ಅದೂ ಪಾಶ್ಚಾತ್ಯ ಮಕ್ಕಳ ಕತೆಗಳಾಗಿ. ‘ಕೃಷ್ಣ’ ಬಂದದ್ದು ಹನ್ನೊಂದನೆಯದಾಗಿ. ಆ ಸರಣಿಯನ್ನು ಬೆಳೆಸಿದ ಅನಂತ ಪೈ ಕಾರ್ಕಳದವರು.

ಮಾಂಗಾ ಮಾತಾಡುವಾಗ ‘ನೆರ್ಫ್’ ಅನ್ನಲಿ, ತೊಂದರೆಯಿಲ್ಲ. ಆದರೆ ವರ, ಶಾಪ, ಮರ್ಮ, ಪ್ರತಿಜ್ಞೆ, ಋಣ ಅನ್ನೋ ಪದಗಳು ‘ನೆರ್ಫ್’ ಹೇಳಲಾರದ್ದನ್ನು ಹೇಳ್ತವೆ: ಬಲ ಯಾರಿಂದ ಬಂತು, ಯಾವ ಬೆಲೆಗೆ ಬಂತು, ಎಲ್ಲಿ ಮುಗಿಯುತ್ತೆ. ಗೊಕುಗೆ ವರ ಇಲ್ಲ, ಶಾಪ ಇಲ್ಲ, ಋಣ ಮಾತ್ರ ಇದೆ, ಸಾಕಿದ ಅಜ್ಜನದ್ದು. ಕರ್ಣನಿಗೆ ಮೂರೂ ಇವೆ. ಇಬ್ಬರೂ ಎದುರಾದರೆ ಗೆಲ್ಲೋನು ಗೊಕುವೇ, ಅದರಲ್ಲಿ ವಾದ ಬೇಡ. ಆಮೇಲೆ ಕರ್ಣನ ಹತ್ತಿರ ಯಾರಾದರೂ ಬಂದು ಏನಾದರೂ ದಾನ ಕೇಳ್ತಾರೆ, ಅವನು ಕೊಡ್ತಾನೆ. ಗೊಕು ಊಟಕ್ಕೆ ಹೋಗ್ತಾನೆ.