ಕೃಷ್ಣಾತೀರದ ಮಣ್ಣಿನಲ್ಲಿ ಪ್ರಾಚೀನ ಭೂಕಂಪಗಳ ಕುರುಹು

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಸೀಮೆಯ ಪೂರ್ವಚರಿತ್ರೆಯು ಬಹುಮಟ್ಟಿಗೆ ಶಾಸನಗಳನ್ನವಲಂಬಿಸಿ ರಚಿತವಾದುದು. ರಟ್ಟರೂ ಕೊಲ್ಲಾಪುರದ ಶಿಲಾಹಾರರೂ ಬಿಟ್ಟ ದತ್ತಿಗಳನ್ನು ಆ ಕಲ್ಲುಗಳು ಹೇಳುವುವು. ನೆಲ ನಡುಗಿದುದನ್ನು ಬರೆದಿಡುವುದು ದಾನಶಾಸನದ ಕಾರ್ಯವಲ್ಲ. ಈ ಮೌನವೂ ಕಪ್ಪುಗಲ್ಲಿನ ಗಟ್ಟಿತನವೂ ಕೂಡಿ ದಖ್ಖನವು ಅಚಲವೆಂಬ ನಂಬಿಕೆಯನ್ನು ಬೆಳೆಸಿದ್ದುವು. 1967ರ ಡಿಸೆಂಬರ್ 11ರ ಬೆಳಗಿನ ಜಾವ ಕೃಷ್ಣೆಯ ಉಪನದಿಯಾದ ಕೊಯ್ನೆಯ ಕಣಿವೆಯೂ, 1993ರ ಸೆಪ್ಟೆಂಬರ್ 30ರಂದು ಕಿಲ್ಲಾರಿಯೂ ನಡುಗಿದ ಮೇಲೆ ಆ ನಂಬಿಕೆ ನಿಲ್ಲಲಿಲ್ಲ. ಅದಕ್ಕೂ ಹಿಂದೆ ಏನಾಗಿತ್ತೆಂಬುದನ್ನು ಮಣ್ಣನ್ನೇ ಕೇಳಬೇಕಾಗಿದೆ.

ನೀರುಂಡ ಸಡಿಲ ಮರಳು ಬಲವಾಗಿ ಅಲುಗಿದಾಗ ಕಣಗಳ ನಡುವಣ ನೀರಿನ ಒತ್ತಡವೇರಿ, ಕಣಗಳು ಒಂದನ್ನೊಂದು ಆತು ನಿಲ್ಲಲಾರದೆ ಮರಳು ದ್ರವದಂತಾಗುವುದು. ಮೇಲಿನ ಜಿಗುಟು ಮಣ್ಣನ್ನು ಸೀಳಿ ಹೊರಚಿಮ್ಮುವುದು. 1897ರಲ್ಲಿ ಅಸ್ಸಾಮಿನಲ್ಲಿಯೂ 1934ರಲ್ಲಿ ಬಿಹಾರದಲ್ಲಿಯೂ ಇಂತಹ ಮರಳು ಹೊಲಗಳ ಮೇಲೆ ಹರಡಿತು. ಸೀಳಿನಲ್ಲಿ ನಿಂತ ಮರಳು ಗೋಡೆಯಂತೆ ಉಳಿಯುವುದು. ಅದು ಕತ್ತರಿಸಿದ ಪದರಕ್ಕಿಂತ ಈಚೆಗೆ, ಅದರ ಮೇಲೆ ಮುರಿಯದೆ ಹಾಸಿರುವ ಪದರಕ್ಕಿಂತ ಮೊದಲು ಕಂಪನವಾಯಿತೆಂದು ತಿಳಿಯಬಹುದು. ಪದರಗಳಲ್ಲಿ ಇದ್ದಿಲ ಚೂರು ದೊರೆತರೆ ಇಂಗಾಲ-14ರ ಪರೀಕ್ಷೆಯು ವರ್ಷಗಳನ್ನು ಸೂಚಿಸುವುದು. ತೇದಿಯಿಲ್ಲದ ಶಾಸನವನ್ನು ಹಿಂದುಮುಂದಣ ಶಾಸನಗಳ ನಡುವೆ ಇರಿಸುವ ಕ್ರಮಕ್ಕೂ ಇದಕ್ಕೂ ಹೆಚ್ಚಿನ ಭೇದವಿಲ್ಲ.

ಕಿಲ್ಲಾರಿಯ ಕಡೆಯ ತೇರ್ ಎಂಬ ಊರು ಪ್ರಾಚೀನ ತಗರ. ಶಿಲಾಹಾರರ ‘ತಗರಪುರವರಾಧೀಶ್ವರ’ ಬಿರುದಿನಿಂದ ಕನ್ನಡ ವಿದ್ವಾಂಸರಿಗೆ ಪರಿಚಿತವಾದುದು. ಅಲ್ಲಿಯ ಇಟ್ಟಿಗೆಯ ಕಟ್ಟಡದಲ್ಲಿಯೂ ಮಣ್ಣಿನ ಪದರಗಳಲ್ಲಿಯೂ ಸುಮಾರು 1500 ವರ್ಷಗಳ ಹಿಂದಿನ ಭೂಕಂಪದ ಕುರುಹನ್ನು ಸಿ. ಪಿ. ರಾಜೇಂದ್ರನ್ ಮೊದಲಾದವರು ಗುರುತಿಸಿರುವರು. ಬಿರುದು ಹೇಳದುದನ್ನು ಮಣ್ಣು ಹೇಳಿತು.

ಚಿಕ್ಕೋಡಿ ಸೀಮೆಯಲ್ಲಿ ಇಂತಹ ಓದಿಗೆ ಒದಗುವುದು ಕೃಷ್ಣಾ, ದೂಧಗಂಗಾ, ವೇದಗಂಗಾ ನದಿಗಳ ದಂಡೆಯ ಮೆಕ್ಕಲು ಮಾತ್ರ. ಅಥಣಿಯ ಕಡೆಯ ಕಲ್ಲುನೆಲದಲ್ಲಿ ದ್ರವವಾಗತಕ್ಕ ಮರಳೇ ಇಲ್ಲ; ಅಲ್ಲಿ ಕುರುಹು ಕಾಣದಿದ್ದರೆ ಭೂಕಂಪವಾಗಲಿಲ್ಲವೆಂದು ಸಾಧಿಸಿದಂತಾಗದು. ಎರೆಮಣ್ಣಂತೂ ಓದುಗನನ್ನು ವಂಚಿಸುವುದರಲ್ಲಿ ನಿಪುಣ: ಬೇಸಿಗೆಯಲ್ಲಿ ತಾನೇ ಬಿರಿದು, ಮೇಲಿನ ಮಣ್ಣನ್ನು ಬಿರುಕಿನೊಳಗೆ ನುಂಗಿ, ಮಳೆಗೆ ಉಬ್ಬಿ ಪದರಗಳನ್ನು ಬಾಗಿಸುವುದು. ಮೇಲಿನಿಂದ ಬಿದ್ದು ತುಂಬಿದ ಬಿರುಕನ್ನೂ ಕೆಳಗಿನಿಂದ ಮರಳು ನುಗ್ಗಿದ ಸೀಳನ್ನೂ ಬೇರ್ಪಡಿಸದೆ ಭೂಕಂಪವೆನ್ನುವುದು ದುಡುಕು. ನೆರೆಯ ಹೂಳಿನ ಭಾರಕ್ಕೂ ಹಸಿಮರಳು ಮಡಿಕೆಗೊಳ್ಳುವುದುಂಟು.

ಚಿಕ್ಕೋಡಿ ತಾಲೂಕಿನ ಯಡೂರವಾಡಿಯ ದಂಡೆಯು ಈ ಕಾರಣದಿಂದ ಬೆಲೆಯುಳ್ಳದು. ಅಲ್ಲಿ ಹಳೆಯ ಶಿಲಾಯುಗದ ಆಯುಧಗಳು ದೊರೆತ ಜಲ್ಲಿಪದರದ ಸುಣ್ಣದ ಹರಳು, ಯುರೇನಿಯಂ-ಥೋರಿಯಂ ಪರೀಕ್ಷೆಯಂತೆ, 3,50,000 ವರ್ಷಗಳಿಗಿಂತ ಹಳೆಯದು. ಇಂಗಾಲದ ಪರೀಕ್ಷೆ ಅಷ್ಟು ದೂರ ಹೋಗಲಾರದು. ಅಲ್ಲಿಯ ಮೆಕ್ಕಲಿನಲ್ಲಿ ಪ್ರಾಚೀನ ಕಂಪನದ ಕುರುಹುಗಳನ್ನೂ ಹುಡುಕಬೇಕಾಗಿದೆ. ಒಂದೆಡೆಯ ಸಾಕ್ಷ್ಯದಿಂದ ಕಂಪನದ ವಿಸ್ತಾರ ತಿಳಿಯದು. ಉಗಾರ, ಕುಡಚಿಗಳ ದಂಡೆಗಳಲ್ಲಿಯೂ ಅದೇ ಕಾಲದ ಸೀಳುಗಳಿವೆಯೇ ಎಂಬುದನ್ನು ನೋಡಬೇಕು. ಅದೂ 2019ರಂತಹ ನೆರೆಗಳು ಕೊರೆದು ತೆರೆದಿಟ್ಟ ಪದರಗಳು ಮತ್ತೆ ಕುಸಿದು ಮುಚ್ಚಿಹೋಗುವ ಮುನ್ನ.